ಜಿಂಕೆ ಹೊಡೆಯಲು ಕಟ್ಟಿದ ಫೀಸು ಜಿಂಕೆಗೇ ಖರ್ಚಾಗುವುದು ಹೇಗೆ?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬೇಟೆ ಮತ್ತು ಮೀನು ಹಿಡಿಯುವ ಲೈಸೆನ್ಸಿನ ಫೀಸು 2025ರ ಜುಲೈ 1ರಿಂದ ಶೇ 38ರಷ್ಟು ಏರಿದೆ. ಇದು ಅಧ್ಯಕ್ಷರು ಕೂರುವ ವಾಷಿಂಗ್ಟನ್ ಅಲ್ಲ. ಸಿಯಾಟಲ್ ಇರುವ, ಪೆಸಿಫಿಕ್ ತೀರದ ರಾಜ್ಯ. ಬೆಲ್‌ವ್ಯೂ, ರೆಡ್‌ಮಂಡ್ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರು ಬೇಕಾದಷ್ಟಿದ್ದಾರೆ. ಅವರಲ್ಲಿ ಕೋವಿ ಹಿಡಿದು ಕಾಡಿಗೆ ಹೋಗುವವರು ಎಷ್ಟೋ ಏನೋ, ಆದರೆ ಶನಿವಾರ ಮಕ್ಕಳನ್ನು ಕರೆದುಕೊಂಡು ಗಾಳ ಹಾಕಲು ಹೋಗುವವರಿಗೂ ಈ ಏರಿಕೆ ತಟ್ಟಿದೆ.

ಸುದ್ದಿ ಓದಿದವರಿಗೆ ಗೊಂದಲ ಆಗುವುದು ಸಹಜ. ಏರಿಕೆ ಯಾಕೆ ಅಂದರೆ, ವನ್ಯಜೀವಿಗಳನ್ನು ನೋಡಿಕೊಳ್ಳಲು ದುಡ್ಡು ಸಾಲುತ್ತಿಲ್ಲವಂತೆ. ಅಂದರೆ ಪ್ರಾಣಿ ಕೊಲ್ಲಲು ಕೊಟ್ಟ ದುಡ್ಡಿನಿಂದ ಪ್ರಾಣಿ ಉಳಿಸುವುದಾ? ಹಾಗಾದರೆ ಬೇಟೆಗಾರರು ಕಡಿಮೆಯಾದರೆ ಪ್ರಾಣಿಗಳಿಗೆ ಒಳ್ಳೆಯದೋ, ಕೆಟ್ಟದ್ದೋ? ಫೀಸೆಲ್ಲ ಕಾಡಿಗೇ ಹೋಗುತ್ತದೆ ಅನ್ನುವುದಾದರೆ ಬೇಟೆಗಾರರೇ ಯಾಕೆ ಸಿಟ್ಟಾಗಿದ್ದಾರೆ? ಉತ್ತರ ಹುಡುಕಲು 1937ರವರೆಗೆ ಹಿಂದೆ ಹೋಗಬೇಕು.

ಕೋವಿ ಲೈಸೆನ್ಸ್ ಬೇರೆ, ಬೇಟೆ ಲೈಸೆನ್ಸ್ ಬೇರೆ

ನಮ್ಮಲ್ಲಿ ಲೈಸೆನ್ಸ್ ಅಂದ ಕೂಡಲೇ ನೆನಪಾಗುವುದು ಕೋವಿ ಲೈಸೆನ್ಸ್. ಮಲೆನಾಡಿನಲ್ಲಿ ತೋಟ ಕಾಯಲು ಇಟ್ಟುಕೊಳ್ಳುತ್ತಾರಲ್ಲ, ಅದು. ಅದು ಆಯುಧಕ್ಕೆ ಸಿಗುವ ಅನುಮತಿ. ಅಮೆರಿಕದ ಬೇಟೆ ಲೈಸೆನ್ಸ್ ಪ್ರಾಣಿಗೆ ಸಂಬಂಧಿಸಿದ್ದು. ಯಾವ ಪ್ರಾಣಿ, ಯಾವ ಪ್ರದೇಶ, ಯಾವ ತಿಂಗಳು, ಯಾವ ಆಯುಧ, ಎಷ್ಟು ಸಂಖ್ಯೆ ಎಲ್ಲವೂ ನಿಗದಿ. ಲೈಸೆನ್ಸಿನ ಜೊತೆ ಒಂದು ಚೀಟಿ ಬರುತ್ತದೆ, ಅದಕ್ಕೆ ಟ್ಯಾಗ್ ಅನ್ನುತ್ತಾರೆ. ಪ್ರಾಣಿ ಬಿದ್ದ ಮೇಲೆ ಟ್ಯಾಗನ್ನು ಅದಕ್ಕೆ ಕಟ್ಟಬೇಕು. ಒಂದು ಟ್ಯಾಗಿಗೆ ಒಂದೇ ಜಿಂಕೆ. ವಾಷಿಂಗ್ಟನ್ನಿನಲ್ಲಿ ಜಿಂಕೆ ಸಿಗದೆ ಬರಿಗೈಲಿ ಬಂದವರೂ ಸೀಸನ್ ಮುಗಿದ ಮೇಲೆ ವರದಿ ಕೊಡಬೇಕು, ಕೊಡದಿದ್ದರೆ ದಂಡ. ಯಾಕಂದರೆ ಎಷ್ಟು ಜನ ಎಷ್ಟು ದಿನ ಅಲೆದರು, ಎಷ್ಟು ಸಿಕ್ಕಿತು ಅನ್ನುವ ಲೆಕ್ಕವನ್ನೂ ನೋಡಿಯೇ ರಾಜ್ಯದ ಮೀನು–ವನ್ಯಜೀವಿ ಇಲಾಖೆ ಮುಂದಿನ ವರ್ಷಕ್ಕೆ ನಿಯಮ ಮಾಡುತ್ತದೆ.

ಇಂಥ ಲೈಸೆನ್ಸ್ ಭಾರತದಲ್ಲೂ ಇತ್ತು ಅಂದರೆ ಕೆಲವರಿಗೆ ಆಶ್ಚರ್ಯ ಆಗಬಹುದು. 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲ ರೂಪದಲ್ಲೇ ಬೇಟೆ ಲೈಸೆನ್ಸಿಗೆ ಅವಕಾಶ ಇತ್ತು. 1991ರ ತಿದ್ದುಪಡಿಯಲ್ಲಿ ಅದು ಹೋಯಿತು. ಹಾಗಾಗಿ ಇಲ್ಲಿ ಬೇಟೆ ಅಂದರೆ ಕಳ್ಳಬೇಟೆ ಅಂತಲೇ ಅರ್ಥ ಉಳಿದಿದೆ. ಆ ಕಣ್ಣಿನಿಂದ ಅಮೆರಿಕದ ಸುದ್ದಿ ಓದಿದರೆ ಏನೂ ತಾಳೆ ಆಗುವುದಿಲ್ಲ.

ದುಡ್ಡಿಗೆ ಬೀಗ ಬಿದ್ದದ್ದು

ಹತ್ತೊಂಬತ್ತನೇ ಶತಮಾನದ ಕೊನೆಗೆ ಅಮೆರಿಕದ ಕಾಡುಗಳು ಖಾಲಿಯಾಗಿದ್ದವು. ತಿನ್ನಲು ಒಂದೆರಡು ಹೊಡೆಯುವವರಿಂದ ಆದ ಕೆಲಸ ಅಲ್ಲ ಅದು. ಮಾಂಸ, ಚರ್ಮ, ಹೆಂಗಸರ ಟೋಪಿಗೆ ಬೇಕಾದ ಗರಿ, ಎಲ್ಲವೂ ರೈಲು ಹತ್ತಿ ಪೇಟೆಗೆ ಹೋಗುತ್ತಿದ್ದವು. ಆಕಾಶ ಮುಚ್ಚುವಷ್ಟು ಇದ್ದ ಪ್ಯಾಸೆಂಜರ್ ಪಾರಿವಾಳಗಳ ಪೈಕಿ ಕೊನೆಯದು 1914ರಲ್ಲಿ ಸಿನ್ಸಿನಾಟಿ ಮೃಗಾಲಯದ ಪಂಜರದಲ್ಲಿ ಸತ್ತಿತು. ಬಿಳಿಬಾಲದ ಜಿಂಕೆಗಳು 1900ರ ಹೊತ್ತಿಗೆ ಸುಮಾರು 5 ಲಕ್ಷಕ್ಕೆ ಇಳಿದಿದ್ದವು ಅನ್ನುವುದು ಒಂದು ಅಂದಾಜು. ಈಗ ಅವು 3 ಕೋಟಿ ಆಸುಪಾಸು.

ರಾಜ್ಯಗಳು ಒಂದೊಂದಾಗಿ ಬೇಟೆ ಲೈಸೆನ್ಸ್ ತಂದವು. ದುಡ್ಡೂ ಬಂತು. ಆದರೆ ದುಡ್ಡು ಬಂದ ಕಡೆ ಕೈ ಹಾಕುವವರೂ ಇರುತ್ತಾರೆ. ಬಜೆಟ್ ಬಿಗಿಯಾದಾಗ ಲೈಸೆನ್ಸಿನ ಹಣವನ್ನು ಬೇರೆ ಬೇರೆ ಖರ್ಚಿಗೆ ತಿರುಗಿಸಿಕೊಳ್ಳುವುದು ಶಾಸಕರಿಗೆ ಸುಲಭವಾಗಿತ್ತು. ಇದಕ್ಕೆ ಕಡಿವಾಣ ಹಾಕಿದ್ದು 1937ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆ. ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ಮತ್ತು ವರ್ಜೀನಿಯಾದ ಸಂಸದ ವಿಲ್ಲಿಸ್ ರಾಬರ್ಟ್‌ಸನ್ ಹೆಸರಿನದ್ದು. ರಾಬರ್ಟ್‌ಸನ್ ಅದಕ್ಕೆ ಮೊದಲು ತಮ್ಮ ರಾಜ್ಯದ ಬೇಟೆ ಆಯೋಗದ ಅಧ್ಯಕ್ಷರಾಗಿದ್ದವರು, ದುಡ್ಡು ಎಲ್ಲಿ ಸೋರುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಾಯ್ದೆಯ ಜಾಣತನ ಇಲ್ಲಿದೆ. ಕೋವಿ ಮತ್ತು ತೋಟಾಗಳ ಮೇಲೆ ಕೇಂದ್ರ ಸರ್ಕಾರ ತೆರಿಗೆ ಹಾಕುತ್ತದೆ. ಈಗ ಉದ್ದ ಕೋವಿ, ತೋಟಾಗಳಿಗೆ ಶೇ 11, ಪಿಸ್ತೂಲು, ರಿವಾಲ್ವರ್‌ಗಳಿಗೆ ಶೇ 10. ಬಿಲ್ಲು ಬಾಣಗಳ ಮೇಲೂ ಇದೆ. ಅಂಗಡಿಯ ರಸೀದಿಯಲ್ಲಿ ಇದು ಕಾಣುವುದಿಲ್ಲ, ತಯಾರಿಸುವವರು ಅಥವಾ ಆಮದು ಮಾಡುವವರು ಮೊದಲೇ ಕಟ್ಟಿರುತ್ತಾರೆ, ಬೆಲೆಯೊಳಗೆ ಸೇರಿಹೋಗಿರುತ್ತದೆ. ಈ ತೆರಿಗೆ ವನ್ಯಜೀವಿ ಕೆಲಸಕ್ಕೆಂದು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಆದರೆ ಒಂದು ಷರತ್ತು. ನಿಮ್ಮ ಲೈಸೆನ್ಸ್ ಫೀಸಿನ ದುಡ್ಡು ಮೀನು–ವನ್ಯಜೀವಿ ಇಲಾಖೆಯ ಕೆಲಸಕ್ಕೆ ಮಾತ್ರ ಖರ್ಚಾಗಬೇಕು, ಬೇರೆ ಕಡೆ ತಿರುಗಿಸಿದರೆ ಕೇಂದ್ರದ ಪಾಲು ಬಂದ್. ಕೇಂದ್ರ ರಾಜ್ಯಗಳಿಗೆ ಆದೇಶವನ್ನೇನೂ ಮಾಡಲಿಲ್ಲ, ಬೆಲ್ಲ ತೋರಿಸಿತು ಅಷ್ಟೆ. ಎಲ್ಲ ರಾಜ್ಯಗಳೂ ಒಪ್ಪಿಕೊಂಡವು. ಮೀನಿಗೆ ಇಂಥದ್ದೇ ಇನ್ನೊಂದು ಕಾಯ್ದೆ 1950ರಲ್ಲಿ ಬಂತು. ಹಾಗಾಗಿ ಬೆಲ್‌ವ್ಯೂನ ಕನ್ನಡಿಗ ಅಪ್ಪ ಕಟ್ಟುವ ಗಾಳದ ಫೀಸಿಗೂ ಇದೇ ಬೀಗ.

ಹಂಚಿಕೆಯ ಸೂತ್ರ ಗಮನಿಸಬೇಕು, ಮುಂದಿನ ಜಗಳವೆಲ್ಲ ಇದರಿಂದಲೇ. ಅರ್ಧ ಹಣ ರಾಜ್ಯದ ವಿಸ್ತೀರ್ಣ ನೋಡಿ, ಇನ್ನರ್ಧ ಆ ರಾಜ್ಯದಲ್ಲಿ ದುಡ್ಡು ಕೊಟ್ಟು ಬೇಟೆ ಲೈಸೆನ್ಸ್ ಪಡೆದವರ ಸಂಖ್ಯೆ ನೋಡಿ. ಯಾವ ರಾಜ್ಯಕ್ಕೂ ಶೇ 5ಕ್ಕಿಂತ ಜಾಸ್ತಿ ಇಲ್ಲ, ಶೇ 0.5ಕ್ಕಿಂತ ಕಡಿಮೆಯೂ ಇಲ್ಲ. ಸಾಮಾನ್ಯವಾಗಿ ಒಂದು ಕೆಲಸಕ್ಕೆ ರಾಜ್ಯ 25 ಡಾಲರ್ ಹಾಕಿದರೆ ಕೇಂದ್ರ 75 ಕೊಡುತ್ತದೆ. ಆ 25 ಬಹುಪಾಲು ಲೈಸೆನ್ಸ್ ಫೀಸಿನಿಂದಲೇ ಬರುವುದು. ಅಂದರೆ ಮಾರಾಟವಾಗುವ ಪ್ರತಿ ಲೈಸೆನ್ಸೂ ಎರಡು ಸಲ ಕೆಲಸ ಮಾಡುತ್ತದೆ: ಒಮ್ಮೆ ಫೀಸಾಗಿ, ಇನ್ನೊಮ್ಮೆ ಕೇಂದ್ರದ ಪಾಲು ಎಳೆದು ತರುವ ತಲೆಲೆಕ್ಕವಾಗಿ.

ಯಾಕಿಮಾದ ಬೇಲಿ

ದುಡ್ಡು ನೆಲಕ್ಕಿಳಿದಾಗ ಹೇಗೆ ಕಾಣುತ್ತದೆ ಅಂತ ನೋಡಲು ವಾಷಿಂಗ್ಟನ್ನಿನ ಯಾಕಿಮಾ ಕಣಿವೆ ಒಳ್ಳೆಯ ಜಾಗ. ಇಲ್ಲಿ ಸೇಬು, ಚೆರ್ರಿ ತೋಟಗಳು. ಮೇಲಿನ ಬೆಟ್ಟಗಳಲ್ಲಿ ಎಲ್ಕ್. ನಮ್ಮ ಕಡವೆಯ ದೊಡ್ಡಣ್ಣ ಅಂತ ಅಂದುಕೊಳ್ಳಿ, ಹಿಂಡು ಹಿಂಡಾಗಿ ಬದುಕುತ್ತದೆ. ಈ ಹಿಂಡಿನ ಮೂಲ ಕೂಡ ಇಲ್ಲಿಯದಲ್ಲ, 1913ರಲ್ಲಿ ಯೆಲ್ಲೊಸ್ಟೋನ್ ಕಡೆಯಿಂದ ತಂದು ಬಿಟ್ಟವುಗಳ ಸಂತತಿ. ಚಳಿಗಾಲದಲ್ಲಿ ಬೆಟ್ಟ ಹಿಮದಲ್ಲಿ ಮುಚ್ಚಿದರೆ ಎಲ್ಕ್ ಕೆಳಗಿಳಿಯುತ್ತವೆ. ಕೆಳಗೆ ತೋಟ.

ಅದಕ್ಕೆ ವನ್ಯಜೀವಿ ಇಲಾಖೆ ಹತ್ತಾರು ಮೈಲಿ ಉದ್ದಕ್ಕೆ ಆಳೆತ್ತರ ಮೀರಿದ ಬೇಲಿ ಹಾಕಿದೆ. ನಮ್ಮಲ್ಲಿ ಆನೆ ಕಂದಕ, ರೈಲು ಹಳಿಯ ಬೇಲಿ ಮಾಡುತ್ತಾರಲ್ಲ, ಅದೇ ಉಪಾಯ. ಆದರೆ ಬೇಲಿ ಹಾಕಿದರೆ ಎಲ್ಕ್ ಹಸಿವಿನಿಂದ ಸಾಯಬಾರದಲ್ಲ, ಹಾಗಾಗಿ ನಾಚೀಸ್ ಊರಿನ ಪಕ್ಕದ ಓಕ್ ಕ್ರೀಕ್‌ನಲ್ಲಿ ಬೇಲಿಯ ಆಚೆ ಚಳಿಗಾಲದಲ್ಲಿ ಒಣಹುಲ್ಲು ಹಾಕುತ್ತಾರೆ. ಲಾರಿ ಬರುತ್ತಿದ್ದಂತೆ ನೂರಾರು ಎಲ್ಕ್ ಇಳಿದು ಬಂದು ಸಾಲಾಗಿ ನಿಂತು ಮೇಯುತ್ತವೆ. ನೋಡಲು ಜನ ಕಾರು ತುಂಬಿಕೊಂಡು ಬರುತ್ತಾರೆ. ಹುಲ್ಲು, ಲಾರಿ, ಡ್ರೈವರ್, ಮುರಿದ ಬೇಲಿ ಕಟ್ಟುವ ಕೂಲಿ, ಎಲ್ಲಕ್ಕೂ ವರ್ಷ ವರ್ಷ ದುಡ್ಡು ಬೇಕು. ಬೇಲಿಯ ಆಚೆಗಿನ ಎಲ್ಕನ್ನು ನೋಡಿ ಫೋಟೊ ತೆಗೆಯುವವರಲ್ಲಿ ಬೇಟೆ ಲೈಸೆನ್ಸ್ ಇರುವವರು ಎಷ್ಟಿರಬಹುದು, ನೀವೇ ಊಹಿಸಿ.

ಇದಲ್ಲದೆ ಹೆಲಿಕಾಪ್ಟರಿನಲ್ಲಿ ಕೂತು ಹಿಂಡು ಎಣಿಸಬೇಕು. ಕಳ್ಳಬೇಟೆ ಹಿಡಿಯುವ ಅಧಿಕಾರಿಗಳಿಗೆ ಸಂಬಳ ಕೊಡಬೇಕು. ಹತ್ತು ಲಕ್ಷ ಎಕರೆಯಷ್ಟು ಇಲಾಖೆಯ ಜಮೀನಿನಲ್ಲಿ ಕಳೆ ಕೀಳಬೇಕು, ಬೆಂಕಿ ತಡೆಯಬೇಕು. ಮೇಲಾಗಿ ಹೊಸ ಖರ್ಚುಗಳು ಕೇಳದೆ ಬರುತ್ತವೆ. ಜಿಂಕೆಗಳ ಮೆದುಳು ತಿನ್ನುವ ಒಂದು ರೋಗ ಇದೆ, ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅಂತ. ಮದ್ದಿಲ್ಲ, ಬಂದರೆ ಸಾವೇ. ಮೊದಲು ಕಂಡದ್ದು 1967ರಲ್ಲಿ ಕೊಲರಾಡೊದಲ್ಲಿ. ಈಗ 30ಕ್ಕೂ ಹೆಚ್ಚು ರಾಜ್ಯಗಳಿಗೆ ಹರಡಿದೆ. ವಾಷಿಂಗ್ಟನ್ನಿನಲ್ಲಿ 2024ರ ಆಗಸ್ಟ್‌ನಲ್ಲಿ ಸ್ಪೋಕೇನ್ ಹತ್ತಿರ ಸತ್ತ ಒಂದು ಜಿಂಕೆಯಲ್ಲಿ ಮೊದಲ ಸಲ ಸಿಕ್ಕಿತು. ಅಂದಿನಿಂದ ಆ ಭಾಗದಲ್ಲಿ ಹೊಡೆದ ಜಿಂಕೆಯ ಪರೀಕ್ಷೆ ಕಡ್ಡಾಯ. ತಪಾಸಣೆ ಜಾಗದಲ್ಲಿ ಪಿಕಪ್ ನಿಲ್ಲಿಸಿದರೆ ಸಿಬ್ಬಂದಿ ಜಿಂಕೆಯ ಗಂಟಲ ಬಳಿ ಕುಯ್ದು ಗ್ರಂಥಿ ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಸ್ಯಾಂಪಲ್ ತಂದುಕೊಡುವವರು ಬೇಟೆಗಾರರೇ ಅನ್ನುವುದನ್ನು ಮರೆಯಬಾರದು. ಅವರಿಲ್ಲದಿದ್ದರೆ ಅದಕ್ಕೂ ಇಲಾಖೆಯೇ ಆಳು ಕಳಿಸಬೇಕು.

ನಿಜಕ್ಕೂ ಯಾರ ದುಡ್ಡು?

"ಅಮೆರಿಕದ ವನ್ಯಜೀವಿ ಉಳಿಸಿದ್ದು ಬೇಟೆಗಾರರ ದುಡ್ಡು" ಅನ್ನುವ ಮಾತನ್ನು ಬೇಟೆ ಸಂಘಗಳು ಹೇಳುತ್ತಲೇ ಇರುತ್ತವೆ. ರಾಜ್ಯಗಳ ವನ್ಯಜೀವಿ ಇಲಾಖೆಗಳಿಗೆ ಬರುವ ಹಣದಲ್ಲಿ ಸುಮಾರು ಶೇ 60 ಬೇಟೆ ಮತ್ತು ಮೀನುಗಾರಿಕೆಗೆ ಸಂಬಂಧಿಸಿದ್ದು ಅನ್ನುವುದು ಅವರು ಕೊಡುವ ಲೆಕ್ಕ. ಎದುರು ಪಕ್ಷದವರದ್ದು ಬೇರೆ ಲೆಕ್ಕ. 2014ರಲ್ಲಿ ನೆವಾಡಾದಲ್ಲಿ ನಡೆದ ಒಂದು ವಿಶ್ಲೇಷಣೆ, ದೇಶದ ವನ್ಯಜೀವಿ ರಕ್ಷಣೆಯ ಒಟ್ಟು ಹಣದಲ್ಲಿ ಶೇ 94 ಬೇಟೆಯಾಡದ ಸಾರ್ವಜನಿಕರದ್ದು ಅಂದಿತು. ಒಂದು ಕಡೆ 60, ಇನ್ನೊಂದು ಕಡೆ 6. ಯಾರು ಸುಳ್ಳು?

ಇಬ್ಬರೂ ಅಲ್ಲ. ಮೊದಲಿನವರು ಎಣಿಸಿದ್ದು ರಾಜ್ಯದ ಇಲಾಖೆಗಳ ಬಜೆಟ್ ಮಾತ್ರ. ಎರಡನೆಯವರು ರಾಷ್ಟ್ರೀಯ ಉದ್ಯಾನ, ರಾಷ್ಟ್ರೀಯ ಅರಣ್ಯ, ಕೇಂದ್ರದ ಇತರ ಜಮೀನು, ದಾನಿಗಳು ನಡೆಸುವ ಸಂಸ್ಥೆಗಳು ಎಲ್ಲವನ್ನೂ ಸೇರಿಸಿದರು. ಎಲ್ಕ್ ಬೇಸಿಗೆಯಲ್ಲಿ ಮೇಯುವ ಕಾಡು ಹೆಚ್ಚಾಗಿ ಕೇಂದ್ರದ್ದು, ಅದರ ಖರ್ಚು ಎಲ್ಲರ ತೆರಿಗೆ. ಎಲ್ಕ್ ಎಣಿಸಿ ಟ್ಯಾಗ್ ಕೊಡುವ ಆಫೀಸು ರಾಜ್ಯದ್ದು, ಅದರ ಖರ್ಚಿನಲ್ಲಿ ಬೇಟೆಗಾರರ ಪಾಲು ದೊಡ್ಡದು. ತಟ್ಟೆಯನ್ನು ಎಷ್ಟು ಅಗಲ ಇಟ್ಟಿರಿ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಕೋವಿ ತೆರಿಗೆಯಲ್ಲಿ ಇನ್ನೊಂದು ತಿರುವು. ಇಂದು ಪಿಸ್ತೂಲು, ತೋಟಾ ಕೊಳ್ಳುವ ಬಹಳಷ್ಟು ಜನ ಬೇಟೆಗೆ ಹೋಗುವವರಲ್ಲ. ಆತ್ಮರಕ್ಷಣೆಗೆ, ಗುರಿ ಅಭ್ಯಾಸಕ್ಕೆ ಕೊಳ್ಳುತ್ತಾರೆ. 2020ರ ಕೊರೊನಾ ಮತ್ತು ಗಲಭೆಗಳ ವರ್ಷದಲ್ಲಿ ಕೋವಿ ಮಾರಾಟ ಜಿಗಿದಾಗ ವನ್ಯಜೀವಿ ನಿಧಿಯೂ ಜಿಗಿಯಿತು. ಜನ ಹೆದರಿದಷ್ಟೂ ಜಿಂಕೆಗೆ ಲಾಭ! ಬೇಟೆಯೇ ಆಡದವರು ಇದನ್ನು ಯಾಕೆ ಕಟ್ಟಬೇಕು ಅಂತ 2022ರಲ್ಲಿ ಜಾರ್ಜಿಯಾದ ಸಂಸದ ಆಂಡ್ರ್ಯೂ ಕ್ಲೈಡ್ ಈ ತೆರಿಗೆಯನ್ನೇ ತೆಗೆಯುವ ಮಸೂದೆ ತಂದರು. ಅದು ಪಾಸಾಗಲಿಲ್ಲ.

ಕೊಟ್ಟವರ ಮಾತು ನಡೆಯಬೇಕಾ?

ದುಡ್ಡು ಕೊಟ್ಟವರು ಮಾತನ್ನೂ ಕೇಳುತ್ತಾರೆ. ವಾಷಿಂಗ್ಟನ್ನಿನಲ್ಲಿ ನಿಯಮ ಮಾಡುವುದು ಗವರ್ನರ್ ನೇಮಿಸುವ 9 ಜನರ ಆಯೋಗ. 2022ರಲ್ಲಿ ಈ ಆಯೋಗ ವಸಂತಕಾಲದ ಕರಡಿ ಬೇಟೆಯನ್ನು ನಿಲ್ಲಿಸಿತು. ಚಳಿಗಾಲದ ನಿದ್ದೆ ಮುಗಿಸಿ ಮರಿಗಳ ಜೊತೆ ಹೊರಬರುವ ಹೊತ್ತಿನಲ್ಲಿ ಹೊಡೆಯುವುದು ಸರಿಯಲ್ಲ ಅನ್ನುವುದು ವಿರೋಧಿಗಳ ವಾದ. ಕರಡಿಗಳ ಸಂಖ್ಯೆಗೆ ಇದರಿಂದ ಏನೂ ಆಗುವುದಿಲ್ಲ, ಇದು ಬರೀ ಭಾವನೆ ಅನ್ನುವುದು ಬೇಟೆಗಾರರ ವಾದ. ಅದರ ಕೆಳಗೆ ಇನ್ನೊಂದು ಸಿಟ್ಟಿದೆ: ಖರ್ಚು ನಮ್ಮದು, ತೀರ್ಮಾನ ನಿಮ್ಮದಾ?

ಪ್ರಾಣಿಗಳು ಯಾರ ಸೊತ್ತು ಅನ್ನುವಲ್ಲಿ ಅಮೆರಿಕದ ಕಾನೂನು ಸ್ಪಷ್ಟ. ಅವು ಜಮೀನು ಮಾಲೀಕರದ್ದೂ ಅಲ್ಲ, ಬೇಟೆಗಾರರದ್ದೂ ಅಲ್ಲ. ಸರ್ಕಾರ ಎಲ್ಲ ಜನರ ಪರವಾಗಿ ನೋಡಿಕೊಳ್ಳುವ ಸೊತ್ತು. ಈ ತತ್ವ ಒಪ್ಪಿದರೆ ಬೇಟೆಗಾರರಿಗೆ ವಿಶೇಷ ಹಕ್ಕೇನೂ ಇಲ್ಲ. ಆದರೆ ತತ್ವ ಒಪ್ಪಿದ ಮೇಲೆ ಬಿಲ್ಲನ್ನೂ ಎಲ್ಲರೂ ಹಂಚಿಕೊಳ್ಳಬೇಕಲ್ಲ? ಅಲ್ಲಿಗೆ ಬಂದಾಗ ಉಳಿದವರು ಸುಮ್ಮನಾಗುತ್ತಾರೆ. ನನ್ನ ಪ್ರಕಾರ ಈ ಜಗಳದಲ್ಲಿ ಬೇಟೆಗಾರರ ಅತ್ಯಂತ ಗಟ್ಟಿ ವಾದ ಇದೇ.

ಕಪ್ಪೆಗೆ ಟ್ಯಾಗ್ ಯಾರು ಕೊಳ್ಳುತ್ತಾರೆ?

ಬೀಗ ಹಾಕಿದ ದುಡ್ಡಿಗೆ ಒಂದು ದೋಷ ಇದೆ. ಅದು ತಾನು ಬಂದ ದಾರಿಯ ಕಡೆಗೇ ವಾಲುತ್ತದೆ. ಜಿಂಕೆ, ಎಲ್ಕ್, ಕಾಡು ಟರ್ಕಿ, ಬಾತುಕೋಳಿ ಇವುಗಳಿಗೆ ಗಿರಾಕಿ ಇದ್ದಾರೆ. ಒರೆಗಾನ್ ಚುಕ್ಕೆ ಕಪ್ಪೆಗೆ, ಕೊಳದ ಆಮೆಗೆ, ಟೇಲರ್ಸ್ ಚೆಕರ್‌ಸ್ಪಾಟ್ ಅನ್ನುವ ಚಿಟ್ಟೆಗೆ ಯಾರೂ ಇಲ್ಲ. ಮೂರೂ ವಾಷಿಂಗ್ಟನ್ನಿನಲ್ಲಿ ಅಳಿವಿನ ಅಂಚಿನಲ್ಲಿವೆ. ಆ ಚಿಟ್ಟೆಯ ಕಥೆ ನೋಡಿ: ಅದಕ್ಕೆ ಬೇಕಾದ ಹುಲ್ಲುಗಾವಲು ಉಳಿದಿರುವ ಮುಖ್ಯ ಜಾಗಗಳಲ್ಲಿ ಒಂದು ಸೇನೆಯ ಫಿರಂಗಿ ತರಬೇತಿ ಮೈದಾನ. ಮಹಿಳಾ ಜೈಲೊಂದರಲ್ಲಿ ಕೈದಿಗಳು ಅದರ ಮರಿಹುಳುಗಳನ್ನು ಸಾಕಿ ಬಿಟ್ಟದ್ದೂ ಉಂಟು. ಹುಡುಕಿ ಹುಡುಕಿ ದಾರಿ ಮಾಡಿಕೊಳ್ಳಬೇಕಾದ ಸ್ಥಿತಿ.

ಇದು ಅಮೆರಿಕದ ಬೇಟೆಗಾರರ ತಪ್ಪು ಅಂತ ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಗಿರಾಕಿಯ ದುಡ್ಡಿನಿಂದ ನಡೆಯುವ ಯಾವ ವ್ಯವಸ್ಥೆಯೂ ಹೀಗೇ. ಬಂಡೀಪುರದಲ್ಲಿ ಸಫಾರಿ ಟಿಕೆಟ್ ತೆಗೆದುಕೊಳ್ಳುವವರು ಹುಲಿ ನೋಡಲು ಬರುತ್ತಾರೆ. ಹುಲಿ ಕಾಣದಿದ್ದರೆ ಜೀಪಿನಲ್ಲಿ ಮುಖ ಸಪ್ಪಗೆ. ಪಶ್ಚಿಮ ಘಟ್ಟದ ಬೆರಳಿನ ಉಗುರಿನಷ್ಟು ಪುಟ್ಟ ಕಪ್ಪೆ ನೋಡಲು ಯಾರು ಟಿಕೆಟ್ ಕೊಳ್ಳುತ್ತಾರೆ? ಆದರೆ ಒಂದು ಮಾತು ಸೇರಿಸಬೇಕು. ಹುಲಿಗೆಂದು ಉಳಿಸಿದ ಕಾಡಿನಲ್ಲಿ ಕಪ್ಪೆಯೂ ಬದುಕುತ್ತದೆ, ಬಾತುಕೋಳಿಗೆಂದು ಕೊಂಡ ಜೌಗಿನಲ್ಲಿ ಆಮೆಯೂ ಇರುತ್ತದೆ. ಅಮೆರಿಕದಲ್ಲಿ 16 ವರ್ಷ ದಾಟಿದ ಬಾತುಕೋಳಿ ಬೇಟೆಗಾರರು ವರ್ಷಕ್ಕೆ 25 ಡಾಲರ್ ಕೊಟ್ಟು ಒಂದು ಸ್ಟ್ಯಾಂಪ್ ಕೊಳ್ಳಬೇಕು. 1934ರಲ್ಲಿ ಅದು ಶುರುವಾದಾಗ 1 ಡಾಲರ್. ಆ ದುಡ್ಡಿನಿಂದ ಇದುವರೆಗೆ 60 ಲಕ್ಷ ಎಕರೆ ಜೌಗು ಮತ್ತು ಹುಲ್ಲುಗಾವಲು ಉಳಿದಿದೆ. ಅದರಲ್ಲಿ ವಾಸಿಸುವ ಎಲ್ಲದಕ್ಕೂ ಗರಿ ಇಲ್ಲ.

ಬೀಗಕ್ಕೆ ಹಿಂಬಾಗಿಲು

ಈಗ ಶೇ 38ರ ವಿಷಯಕ್ಕೆ ಬರೋಣ. ಹತ್ತು ವರ್ಷಕ್ಕೂ ಮೇಲೆ ಇಂಥ ದೊಡ್ಡ ಏರಿಕೆ ಆಗಿರಲಿಲ್ಲ. ಅಷ್ಟರಲ್ಲಿ ಸಂಬಳ, ಡೀಸೆಲ್, ಹುಲ್ಲು ಎಲ್ಲದರ ಬೆಲೆ ಏರಿತು. ಅಷ್ಟರ ಮಟ್ಟಿಗೆ ಇಲಾಖೆ ಹೇಳುವುದು ಸರಿ.

ಬೇಟೆಗಾರರ ಅನುಮಾನ ಬೇರೆ ಕಡೆ ಇದೆ. ಇಲಾಖೆಗೆ ರಾಜ್ಯದ ಸಾಮಾನ್ಯ ಬಜೆಟ್ಟಿನಿಂದಲೂ ದುಡ್ಡು ಬರುತ್ತದೆ. 1937ರ ಬೀಗ ಇರುವುದು ಲೈಸೆನ್ಸ್ ಹಣಕ್ಕೆ ಮಾತ್ರ, ಈ ಹಣಕ್ಕೆ ಇಲ್ಲ. ಫೀಸು ಜಾಸ್ತಿ ಮಾಡಿ, ಅಷ್ಟೇ ಮೊತ್ತವನ್ನು ಸಾಮಾನ್ಯ ಬಜೆಟ್ಟಿನಿಂದ ಕಡಿತ ಮಾಡಿದರೆ ಕಾನೂನು ಮುರಿದಂತೆ ಆಗುವುದಿಲ್ಲ. ಲೈಸೆನ್ಸಿನ ಒಂದು ಪೈಸೆಯೂ ಇಲಾಖೆ ಬಿಟ್ಟು ಹೊರಗೆ ಹೋಗಿರುವುದಿಲ್ಲ. ಇಲಾಖೆಯ ಒಟ್ಟು ಹಣವೂ ಹೆಚ್ಚಿರುವುದಿಲ್ಲ. ಮುಂದಿನ ಬಾಗಿಲಿಗೆ ದೊಡ್ಡ ಬೀಗ, ಹಿತ್ತಲ ಬಾಗಿಲು ತೆರೆದೇ ಇದೆ. 2025ರಲ್ಲಿ ವಾಷಿಂಗ್ಟನ್ ಸರ್ಕಾರ ದೊಡ್ಡ ಬಜೆಟ್ ಕೊರತೆಯಲ್ಲಿದ್ದಾಗಲೇ ಈ ಏರಿಕೆ ಬಂದದ್ದರಿಂದ ಅನುಮಾನ ಇನ್ನೂ ಗಟ್ಟಿಯಾಯಿತು.

ಪರಿಣಾಮ ಏನಾಗಬಹುದು? ಬೇಟೆಯನ್ನೇ ಉಸಿರು ಮಾಡಿಕೊಂಡವರು ಗೊಣಗುತ್ತಾ ಕಟ್ಟುತ್ತಾರೆ. ವರ್ಷಕ್ಕೊಮ್ಮೆ ಹೋಗುವವರು ಈ ವರ್ಷ ಬೇಡ ಅನ್ನಬಹುದು. ಬಿಟ್ಟುಹೋದ ಪ್ರತಿಯೊಬ್ಬರ ಜೊತೆ ಫೀಸೂ ಹೋಗುತ್ತದೆ, ಕೇಂದ್ರದ ಹಂಚಿಕೆಯಲ್ಲಿ ಒಂದು ತಲೆಯೂ ಹೋಗುತ್ತದೆ. ಮೊದಲೇ ಬೇಟೆಗಾರರ ಸಂಖ್ಯೆ ಇಳಿಮುಖ. ರಾಷ್ಟ್ರೀಯ ಸಮೀಕ್ಷೆಯಲ್ಲಿ 1991ರಲ್ಲಿ 1.41 ಕೋಟಿ ಇದ್ದವರು 2016ರಲ್ಲಿ 1.15 ಕೋಟಿ. ಹಳಬರು ವಯಸ್ಸಾಗಿ ಬಿಡುತ್ತಿದ್ದಾರೆ, ಪೇಟೆಯಲ್ಲಿ ಬೆಳೆದ ಮಕ್ಕಳು ಶುರು ಮಾಡುತ್ತಿಲ್ಲ. ಜನ ಕಡಿಮೆ ಆದಾಗ ಫೀಸು ಏರಿಸಿ, ಏರಿಸಿದಾಗ ಇನ್ನಷ್ಟು ಜನ ಕಡಿಮೆ ಆಗಿ... ಇದಕ್ಕೆ ಕೊನೆ ಎಲ್ಲಿ ಅಂತ ಇಲಾಖೆಗಳಿಗೇ ಚಿಂತೆ.

ಬೇರೆಯವರು ಹಿಡಿದ ದಾರಿ

ಮಿಸೌರಿ ರಾಜ್ಯದ ಮತದಾರರು 1976ರಲ್ಲೇ ಒಂದು ದಾರಿ ಕಂಡುಕೊಂಡರು. ಮಾರಾಟ ತೆರಿಗೆಯಲ್ಲಿ ಡಾಲರಿಗೆ ಸೆಂಟಿನ ಎಂಟನೇ ಒಂದು ಭಾಗ ವನ್ಯಜೀವಿಗೆ. 100 ಡಾಲರ್ ಸಾಮಾನು ಕೊಂಡರೆ ಹನ್ನೆರಡೂವರೆ ಸೆಂಟ್. ಬೇಟೆಗಾರರೂ ಕೊಡುತ್ತಾರೆ, ಸೊಪ್ಪು ತಿನ್ನುವವರೂ ಕೊಡುತ್ತಾರೆ. ಅರ್ಕಾನ್ಸಾ 1996ರಲ್ಲಿ ಇದನ್ನೇ ಅನುಸರಿಸಿತು. ಕೊಲರಾಡೊದಲ್ಲಿ 2023ರಿಂದ ಕಾರಿನ ನೋಂದಣಿ ಜೊತೆಗೇ ರಾಜ್ಯದ ಪಾರ್ಕುಗಳಿಗೆ ಹೋಗುವ 29 ಡಾಲರಿನ ಪಾಸ್ ಸೇರಿಸುತ್ತಾರೆ, ಬೇಡ ಅಂದವರು ಬೇಡ ಅಂತ ಹೇಳಬೇಕು. ಅದೇ ಕೊಲರಾಡೊದಲ್ಲಿ 2020ರ ಮತದಾನದಲ್ಲಿ ತೋಳಗಳನ್ನು ಮರಳಿ ತರಲು ಜನ ಒಪ್ಪಿದಾಗ, ಅದಕ್ಕೆ ಲೈಸೆನ್ಸಿನ ಹಣ ಮುಟ್ಟಬಾರದು ಅಂತ ಶಾಸಕರು ಕಾನೂನು ಮಾಡಿದರು. ತೋಳ ಎಲ್ಕ್ ತಿನ್ನುತ್ತದೆ, ಎಲ್ಕ್ ಬೇಟೆಗಾರರ ದುಡ್ಡಿನಿಂದ ತೋಳ ತಂದರೆ ದೊಂಬಿಯೇ ಆಗುತ್ತಿತ್ತು.

ದೇಶದ ಮಟ್ಟದಲ್ಲಿ ದೊಡ್ಡ ಪ್ರಯತ್ನವೂ ಆಯಿತು. ರಾಜ್ಯಗಳು ಪಟ್ಟಿ ಮಾಡಿರುವ 12 ಸಾವಿರಕ್ಕೂ ಹೆಚ್ಚು ಬಗೆಯ ಸಂಕಷ್ಟದ ಜೀವಿಗಳಿಗೆ ವರ್ಷಕ್ಕೆ ಸುಮಾರು 140 ಕೋಟಿ ಡಾಲರ್ ಕೊಡುವ ಮಸೂದೆ 2022ರ ಜೂನ್‌ನಲ್ಲಿ ಕೆಳಮನೆಯಲ್ಲಿ ಪಾಸಾಯಿತು. ಬೇಟೆ ಸಂಘಗಳೂ ಪರಿಸರ ಸಂಘಗಳೂ ಅಪರೂಪಕ್ಕೆ ಒಟ್ಟಿಗೆ ನಿಂತಿದ್ದವು. ಹಣ ಎಲ್ಲಿಂದ ತರುವುದು ಅನ್ನುವಲ್ಲಿ ಒಮ್ಮತ ಆಗದೆ ಸೆನೆಟ್‌ನಲ್ಲಿ ಅದು ಅಲ್ಲಿಗೇ ನಿಂತಿತು.

ವಾಷಿಂಗ್ಟನ್ನಿನಲ್ಲಿ ಬೇಟೆ ಆಡದವರ ಜೇಬಿನಿಂದ ಏನೂ ಬರುವುದಿಲ್ಲ ಅಂತಲ್ಲ. ಚಳಿಗಾಲದಲ್ಲಿ ಓಕ್ ಕ್ರೀಕ್‌ಗೆ ಎಲ್ಕ್ ನೋಡಲು ಹೋಗುವವರ ಕಾರಿನ ಗಾಜಿಗೆ ಡಿಸ್ಕವರ್ ಪಾಸ್ ಇರಬೇಕು, ಅಂದರೆ ರಾಜ್ಯದ ಪಾರ್ಕು, ಕಾಡುಗಳಿಗೆ ಗಾಡಿ ಒಯ್ಯುವ ಪಾಸ್. ಅದರ ವಾರ್ಷಿಕ ಬೆಲೆಯೂ 2025ರ ಅಕ್ಟೋಬರ್‌ನಲ್ಲಿ 30ರಿಂದ 45 ಡಾಲರಿಗೆ ಏರಿತು. ಬೇಟೆ, ಮೀನಿನ ಲೈಸೆನ್ಸ್ ಇದ್ದವರಿಗೆ ಇಲಾಖೆಯ ಜಾಗಕ್ಕೆ ಗಾಡಿ ಪಾಸ್ ಬಿಟ್ಟಿ. ಆದರೆ ಡಿಸ್ಕವರ್ ಪಾಸಿನ ದುಡ್ಡಿನಲ್ಲಿ ದೊಡ್ಡ ಪಾಲು ರಾಜ್ಯದ ಪಾರ್ಕುಗಳಿಗೆ ಹೋಗುತ್ತದೆ. ಎಲ್ಕ್‌ಗೆ ಹುಲ್ಲು ಹಾಕುವ ಇಲಾಖೆಗೆ ಸಿಗುವುದು ಸಣ್ಣ ಚೂರು.